ಎಂಬತ್ತು ದಿನಗಳ ಲೆಕ್ಕ

ಬಸುರಿ ಹೆಂಗಸಿಗೆ ಸಲಹೆ ಕೊಡೋರಿಗೆ ನಮ್ಮಲ್ಲಿ ಯಾವತ್ತೂ ಬರ ಇಲ್ಲ. ಪರಂಗಿ ಹಣ್ಣು ತಿನ್ನಬೇಡ, ಹಾಲಿಗೆ ಕೇಸರಿ ಹಾಕಿ ಕುಡಿ, ಗ್ರಹಣದ ದಿನ ಹೊರಗೆ ಬರಬೇಡ, ಎಡಮಗ್ಗುಲಲ್ಲೇ ಮಲಗು. ಅಮ್ಮ, ಅತ್ತೆ, ಎದುರು ಮನೆ ಆಂಟಿ, ಕೊನೆಗೆ ಆಟೊ ಡ್ರೈವರ್ ಹತ್ತಿರವೂ ಒಂದು ಸಲಹೆ ಇರುತ್ತೆ. ಆದರೆ "ನಿನ್ನ ಡ್ಯೂ ಡೇಟ್ ಒಳಗೆ ಈ ಕಂಪನಿಯಲ್ಲಿ ಎಷ್ಟು ದಿನ ಕೆಲಸ ಮಾಡಿರ್ತೀಯ?" ಅಂತ ಕೇಳೋರು ಒಬ್ಬರೂ ಸಿಗಲ್ಲ. 2023ರಲ್ಲಿ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ ಆಗಿತ್ತು.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಹಳೆಯ ಕಂಪನಿಯಲ್ಲಿ ನಾಲ್ಕು ವರ್ಷ ಇದ್ದೆ. ಒಳ್ಳೆಯ ಆಫರ್ ಒಂದು ಬಂತು ಅಂತ ಜೂನ್ 9ರಂದು ರಾಜೀನಾಮೆ ಕೊಟ್ಟೆ. 90 ದಿನಗಳ ನೋಟಿಸ್ ಪೀರಿಯಡ್ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಟೆಸ್ಟ್ ಕಿಟ್‌ನಲ್ಲಿ ಎರಡು ಗೆರೆ ಕಾಣಿಸಿತು. ಮೂರು ವರ್ಷ ಕಾದ ಮೇಲೆ ಬಂದ ಗೆರೆಗಳು. ಖುಷಿಗೆ ಅಳುತ್ತಾ ಕೂತಿದ್ದ ನನಗೆ ಕೆಲಸದ ನೆನಪಾಗಿದ್ದು ಮಾರನೇ ದಿನ. ರಾಜೀನಾಮೆ ವಾಪಸ್ ತಗೋಬಹುದಾ ಅಂತ ಮ್ಯಾನೇಜರ್ ಹತ್ತಿರ ಕೇಳಿದೆ. ಆ ಜಾಗಕ್ಕೆ ಆಗಲೇ ಬೇರೆಯವರನ್ನು ತಗೊಂಡಾಗಿತ್ತು.

ಡಾಕ್ಟರು ಕೊಟ್ಟ ತಾರೀಖು 2024ರ ಫೆಬ್ರವರಿ 20. ಹೊಸ ಕಂಪನಿಯ ಪ್ರಾಜೆಕ್ಟ್ ಒಂದು ತಿಂಗಳು ಮುಂದಕ್ಕೆ ಹೋಗಿದ್ದರಿಂದ ನಾನು ಸೇರಬೇಕಾದ ದಿನ ಅಕ್ಟೋಬರ್ 9 ಅಂತ ಆಯ್ತು. ಅಂದರೆ ಸೇರುವ ಹೊತ್ತಿಗೆ ಐದು ತಿಂಗಳು ತುಂಬುತ್ತಿತ್ತು. ಸೆಪ್ಟೆಂಬರ್‌ನಲ್ಲೇ ಎಚ್‌ಆರ್‌ಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆಕೆ ತುಂಬಾ ಪ್ರೀತಿಯಿಂದಲೇ ಮಾತಾಡಿದರು. "ಕಂಗ್ರಾಟ್ಸ್! ಆರಾಮಾಗಿ ಜಾಯಿನ್ ಆಗಿ, ಏನೂ ತೊಂದರೆ ಇಲ್ಲ. ಒಂದೇ ವಿಷಯ, ಮೆಟರ್ನಿಟಿ ಪಾಲಿಸಿ ಅಪ್ಲೈ ಆಗೋದು ಕನ್ಫರ್ಮೇಶನ್ ಆದ್ಮೇಲೆ. ಆರು ತಿಂಗಳು ಪ್ರೊಬೇಷನ್ ಇರುತ್ತೆ. ನಿಮಗೆ ರಜೆ ಕೊಡ್ತೀವಿ, ಬಟ್ ಅದು ಲಾಸ್ ಆಫ್ ಪೇ."

ಫೋನ್ ಇಟ್ಟ ಮೇಲೆ ಗಂಡ, ನಾನು ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಕೆಂಗೇರಿಯ ಎರಡು ಬೆಡ್‌ರೂಮ್ ಮನೆಯ ಇಎಂಐ 42,000. ಆಸ್ಪತ್ರೆ ಖರ್ಚು ಬೇರೆ. ಆರು ತಿಂಗಳು ಒಂದೇ ಸಂಬಳ ಅಂದರೆ ಉಳಿತಾಯ ಪೂರ್ತಿ ಕರಗುತ್ತಿತ್ತು, ಅಥವಾ ಎರಡು ತಿಂಗಳ ಮಗುವನ್ನು ಬಿಟ್ಟು ನಾನು ಕೆಲಸಕ್ಕೆ ಓಡಬೇಕಾಗುತ್ತಿತ್ತು.

ಕಾನೂನು ಏನು ಹೇಳುತ್ತೆ

ಆಗ ಜಾರಿಯಲ್ಲಿದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರ ತಿದ್ದುಪಡಿಯೊಂದಿಗೆ. ಒಂದು ಭಾನುವಾರ ಅದರ ಪಿಡಿಎಫ್ ತೆಗೆದು ಪೂರ್ತಿ ಓದಿದೆ. ದೊಡ್ಡ ಕಾಯ್ದೆ ಏನಲ್ಲ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಅದು ಅನ್ವಯ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. 26ರಲ್ಲಿ ಹೆಚ್ಚೆಂದರೆ 8 ವಾರವನ್ನು ಹೆರಿಗೆಗೆ ಮುಂಚೆ ತಗೋಬಹುದು. ಅರ್ಹತೆಗೆ ಇರುವ ಷರತ್ತು: ಹೆರಿಗೆಯ ನಿರೀಕ್ಷಿತ ದಿನಾಂಕದ ಹಿಂದಿನ 12 ತಿಂಗಳಲ್ಲಿ, ಯಾವ ಮಾಲೀಕರಿಂದ ಸೌಲಭ್ಯ ಕೇಳುತ್ತೀರೋ ಅವರಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು.

ಪ್ರೊಬೇಷನ್ ಅನ್ನುವ ಮಾತು ಈ ಅರ್ಹತೆಯ ಸೆಕ್ಷನ್‌ನಲ್ಲಿ ಎಲ್ಲೂ ಇಲ್ಲ. ಕನ್ಫರ್ಮೇಶನ್ ಅನ್ನೋದೂ ಇಲ್ಲ. ಅದರ ಮೇಲೆ ಸೆಕ್ಷನ್ 27 ಅಂತ ಒಂದಿದೆ. ಕೆಲಸದ ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಅದು ಕಾಯ್ದೆಗಿಂತ ಕಡಿಮೆ ಕೊಡುವುದಾದರೆ ಕಾಯ್ದೆಯೇ ಮೇಲು. ಹೆಚ್ಚು ಕೊಡುವುದಾದರೆ ಹೆಚ್ಚಿನದ್ದು ನಿಮಗೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಈ ಸೌಲಭ್ಯಗಳ ಬಗ್ಗೆ ಪ್ರತಿ ಮಹಿಳೆಗೂ ಬರಹದಲ್ಲಿ, ಇಮೇಲ್‌ನಂಥ ವಿಧಾನದಲ್ಲಿ ತಿಳಿಸಬೇಕು ಅಂತ 2017ರ ತಿದ್ದುಪಡಿ ಹೇಳಿತ್ತು. ನನ್ನ ಆಫರ್ ಲೆಟರ್‌ನ ಹನ್ನೆರಡು ಪುಟಗಳಲ್ಲಿ ಲ್ಯಾಪ್‌ಟಾಪ್ ಹಿಂತಿರುಗಿಸುವ ಬಗ್ಗೆ ಒಂದು ಪುಟವೇ ಇತ್ತು. ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇಲ್ಲೇ ಇನ್ನೊಂದು ಮಾತು ಗಮನಿಸಿ. ಹಳೆಯ ಕಂಪನಿಯಲ್ಲಿ ನಾನು ದುಡಿದ ನಾಲ್ಕು ವರ್ಷ ಈ 80ರ ಲೆಕ್ಕಕ್ಕೆ ಬರಲ್ಲ. ಹೊಸ ಮಾಲೀಕರ ಹತ್ತಿರ ಲೆಕ್ಕ ಸೊನ್ನೆಯಿಂದಲೇ ಶುರು.

ಎಕ್ಸೆಲ್ ಶೀಟ್

ಅಕ್ಟೋಬರ್ 9 ಸೋಮವಾರ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ನಡುವೆ ಬಸ್ ಹಿಡಿಯದೆ ನೇರಳೆ ಮಾರ್ಗದ ಮೆಟ್ರೊದಲ್ಲಿ ನೇರ ಹೋಗೋಕೆ ಸಾಧ್ಯ ಆಗಿದ್ದು ಅದೇ ದಿನ. ಬೈಯಪ್ಪನಹಳ್ಳಿ–ಕೆ.ಆರ್.ಪುರ ತುಂಡು ಅವತ್ತೇ ತೆರೆದಿತ್ತು. ಆ ರೈಲಿನಲ್ಲೇ ಕೂತು ಫೋನ್‌ನಲ್ಲಿ ಒಂದು ಶೀಟ್ ಮಾಡಿದೆ.

ವಾರಕ್ಕೆ ಐದು ದಿನದ ಕೆಲಸ. ಸಂಬಳ ಸಹಿತ ಹಬ್ಬದ ರಜೆಗಳನ್ನು ಕೆಲಸದ ದಿನ ಅಂತಲೇ ಎಣಿಸಬೇಕು ಅಂತ ಕಾಯ್ದೆಯ ವಿವರಣೆಯಲ್ಲಿದೆ. ಆದ್ದರಿಂದ ಆಯುಧಪೂಜೆ, ರಾಜ್ಯೋತ್ಸವ, ಕ್ರಿಸ್‌ಮಸ್ ಎಲ್ಲ ಲೆಕ್ಕಕ್ಕೆ. ಶನಿವಾರ, ಭಾನುವಾರ ಬಿಟ್ಟೆ; ವಾದಕ್ಕೆ ಎಡೆ ಇರಬಾರದು ಅಂತ. ಅಕ್ಟೋಬರ್‌ನಲ್ಲಿ 17 ದಿನ, ನವೆಂಬರ್‌ನಲ್ಲಿ 22, ಡಿಸೆಂಬರ್‌ನಲ್ಲಿ 21. ಒಟ್ಟು 60. ಉಳಿದ 20 ಜನವರಿಯಲ್ಲಿ ಆಗಬೇಕು. ಎಣಿಸಿದರೆ ಎಂಬತ್ತನೇ ದಿನ ಸರಿಯಾಗಿ ಜನವರಿ 26ಕ್ಕೆ ಬಂತು. ಗಣರಾಜ್ಯೋತ್ಸವ. ಅದೂ ಸಂಬಳ ಸಹಿತ ರಜೆಯೇ.

ಡ್ಯೂ ಡೇಟ್‌ಗೆ ಆಗ ಉಳಿಯೋದು 25 ದಿನ. ನಡುವೆ ರಜೆ ಹಾಕಿದರೆ ಆ ದಿನ ಎಣಿಕೆಗೆ ಬರುತ್ತೋ ಇಲ್ಲವೋ ಅನ್ನೋ ಜಗಳಕ್ಕೆ ದಾರಿ. ಹಾಗಾಗಿ ಒಂದೂ ಸಿಕ್ ಲೀವ್ ಇಲ್ಲದೆ, ಒಂದೂ ಕ್ಯಾಶುವಲ್ ಲೀವ್ ಇಲ್ಲದೆ ಅಲ್ಲಿಯವರೆಗೆ ತಲುಪಬೇಕಿತ್ತು. ಜಾಗ ಬಿಟ್ಟುಕೊಂಡರೆ ಒಳ್ಳೇದು ಅಂತ ಜನವರಿ 29, 30, 31 ಸೇರಿಸಿ 83 ಮಾಡಿದೆ. ರಜೆ ಫೆಬ್ರವರಿ 1ರಿಂದ. 26 ವಾರ ಅಂದರೆ 182 ದಿನ. ಜುಲೈ 31ಕ್ಕೆ ಮುಗಿಯುತ್ತೆ.

ಅಕ್ಟೋಬರ್ 16ಕ್ಕೆ ಎಚ್‌ಆರ್‌ಗೆ ಮೇಲ್ ಬರೆದೆ. ಕೋಪದ ಮಾತು ಒಂದೂ ಹಾಕಲಿಲ್ಲ. ನಿರೀಕ್ಷಿತ ದಿನಾಂಕ, ಡಾಕ್ಟರ ಸರ್ಟಿಫಿಕೇಟ್, ನನ್ನ 80 ದಿನಗಳ ಪಟ್ಟಿ, ಸೆಕ್ಷನ್ 5 ಮತ್ತು 27ರ ಸಾರ, ಕೊನೆಗೆ ಒಂದು ಪ್ರಶ್ನೆ: "ಈ ಲೆಕ್ಕದ ಪ್ರಕಾರ ನನಗೆ ಅರ್ಹತೆ ಇದೆ ಎಂದು ಬರಹದಲ್ಲಿ ಖಚಿತಪಡಿಸುತ್ತೀರಾ?"

ಉತ್ತರ ಬರೋಕೆ 18 ದಿನ ಹಿಡಿಯಿತು. ಆ 18 ದಿನ ಹೇಗಿತ್ತು ಅಂದ್ರೆ, ಹೊಸ ಜಾಗದಲ್ಲಿ ಎಲ್ಲರಿಗಿಂತ ಮೊದಲು ಲಾಗಿನ್ ಆಗೋಳು ನಾನೇ, ಕೊನೆಗೆ ಹೋಗೋಳೂ ನಾನೇ. ತಕರಾರು ಮಾಡೋ ಹೆಂಗಸು ಅಂತ ಹೆಸರು ಬಂದುಬಿಟ್ಟಿದೆಯೇನೋ ಅಂತ ಪ್ರತಿ ಮೀಟಿಂಗ್‌ನಲ್ಲೂ ಅನಿಸೋದು. ನನ್ನ ಹಕ್ಕು ಅಂತ ಗೊತ್ತಿದ್ದೂ ಕೇಳಿದ್ದಕ್ಕೆ ಒಂದು ಥರಾ ನಾಚಿಕೆ. ನವೆಂಬರ್ 3ಕ್ಕೆ ಎರಡು ಸಾಲಿನ ಉತ್ತರ ಬಂತು. ಲೀಗಲ್ ತಂಡ ಪರಿಶೀಲಿಸಿದೆ, 80 ದಿನ ಪೂರ್ಣವಾದಲ್ಲಿ 26 ವಾರಗಳ ಸಂಬಳ ಸಹಿತ ರಜೆಗೆ ಅರ್ಹರಿದ್ದೀರಿ. ಅಷ್ಟೇ. ಜನವರಿ ಹೊತ್ತಿಗೆ ಒಳಗಿನ ಪಾಲಿಸಿ ಪುಟದಲ್ಲಿ ಪ್ರೊಬೇಷನ್ ಅನ್ನೋ ಸಾಲೂ ಕಾಣಲಿಲ್ಲ.

ಮದ್ದೂರಿನ ಅಕ್ಕ

ಅದೇ ಸಮಯದಲ್ಲಿ ನಮ್ಮ ದೊಡ್ಡಪ್ಪನ ಮಗಳೂ ಬಸುರಿ. ಮದ್ದೂರಿನ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ದೀಪಾವಳಿಗೆ ಊರಲ್ಲಿ ಸಿಕ್ಕಾಗ ನನ್ನ ಕಥೆ ಹೇಳಿದೆ. ಅವಳು ನಕ್ಕುಬಿಟ್ಟಳು. "ನಮ್ದು ಎಪ್ಪತ್ತು ದಿನ ಕಣೇ. ಇಎಸ್‌ಐ. ದುಡ್ಡು ಸೀದಾ ಬ್ಯಾಂಕಿಗೆ ಬರ್ತದೆ. ನಿಂಗೆ ಇದು ಗೊತ್ತಿರಲಿಲ್ವಾ?"

ಅವಳು ಹೇಳಿದ್ದು ಸರಿ. ತಿಂಗಳ ವೇತನ 21,000ದ ಒಳಗಿದ್ದು ಇಎಸ್‌ಐ ಕಟ್ಟುವವರಿಗೆ ಹೆರಿಗೆ ಸೌಲಭ್ಯ ಕೊಡೋದು ಮಾಲೀಕರಲ್ಲ, ನೌಕರರ ರಾಜ್ಯ ವಿಮಾ ನಿಗಮ. ಅಲ್ಲೂ 26 ವಾರವೇ, ಸರಾಸರಿ ದಿನಗೂಲಿಯ ಪೂರ್ತಿ ಮೊತ್ತ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ, ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್ ಎಂಬ ಆರಾರು ತಿಂಗಳುಗಳಲ್ಲಿ, ಕನಿಷ್ಠ 70 ದಿನಗಳ ವಂತಿಗೆ ಕಟ್ಟಿರಬೇಕು.

ಎಸ್ಸೆಸ್ಸೆಲ್ಸಿ ಓದಿದ ಅವಳಿಗೆ ತನ್ನ ಲೆಕ್ಕ ಬಾಯಲ್ಲೇ ಇತ್ತು. ಅವಳ ಲೈನ್‌ನಲ್ಲಿರೋ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ಕಲಿತಿದ್ದಾರೆ. ನಾವು ಇಂಜಿನಿಯರುಗಳು ಇದನ್ನು "ಪಾಲಿಸಿ" ಅಂತೀವಿ, ಕಂಪನಿ ದೊಡ್ಡ ಮನಸ್ಸು ಮಾಡಿ ಕೊಡುವ ಊಟದ ಕೂಪನ್ ಥರ. ಕಾರ್ಮಿಕ ಕಾನೂನು ಅಂದರೆ ಕಾರ್ಖಾನೆಯವರಿಗೆ, ನಮಗಲ್ಲ ಅನ್ನೋ ಭ್ರಮೆ ನಮ್ಮ ಆಫೀಸುಗಳಲ್ಲಿ ಗಟ್ಟಿಯಾಗಿ ಕೂತಿದೆ.

ಇಬ್ಬರಿಗೂ ಇರುವ ಇನ್ನೊಂದು ವ್ಯತ್ಯಾಸ ಆಮೇಲೆ ಹೊಳೆಯಿತು. ಅವಳ ರಜೆಯ ಖರ್ಚು ಸಾವಿರಾರು ಜನ ಕಟ್ಟಿದ ನಿಧಿಯಿಂದ ಬರುತ್ತೆ. ನನ್ನದು ಪೂರ್ತಿ ಕಂಪನಿಯ ಜೇಬಿನಿಂದ. ಹದಿನೈದು ಜನರ ಸ್ಟಾರ್ಟಪ್ ಒಂದಕ್ಕೆ ಆರು ತಿಂಗಳ ಸಂಬಳದ ಜೊತೆ ಬದಲಿ ವ್ಯಕ್ತಿಯ ಸಂಬಳವೂ ಸೇರಿದರೆ ಭಾರವೇ. ಇಂಟರ್‌ವ್ಯೂನಲ್ಲಿ "ಮದುವೆ ಆಗಿದ್ಯಾ? ಪ್ಲಾನ್ಸ್ ಏನಾದ್ರೂ?" ಅಂತ ಸುತ್ತಿಬಳಸಿ ಕೇಳೋದರ ಹಿಂದೆ ಈ ಲೆಕ್ಕ ಇರುತ್ತೆ. ಆ ಪ್ರಶ್ನೆಯನ್ನು ನಾನು ಸಮರ್ಥಿಸಲ್ಲ. ಆದರೆ ಎಲ್ಲರೂ ಸೇರಿ ಕಟ್ಟುವ ನಿಧಿ ನಮ್ಮ ಸಂಬಳದವರಿಗೂ ಇದ್ದಿದ್ದರೆ ಆ ಪ್ರಶ್ನೆಗೆ ಇಷ್ಟು ಜೋರು ಇರುತ್ತಿರಲಿಲ್ಲ ಅನ್ಸುತ್ತೆ.

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೆ 80ರ ಲೆಕ್ಕವೂ ಇಲ್ಲ, 70ರದ್ದೂ ಇಲ್ಲ. ಅಂಗನವಾಡಿ ಮೂಲಕ ಅರ್ಜಿ ಹಾಕಿದರೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಕಂತಿನಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ರಜೆ ಎಷ್ಟು ಅನ್ನೋದನ್ನು ಆ ನಾಲ್ಕು ಮನೆಯವರೇ ತೀರ್ಮಾನಿಸಬೇಕು. ಆ ನಾಲ್ಕರಲ್ಲಿ ನಮ್ಮ ಮನೆಯೂ ಒಂದು. ಅವಳ ಬಾಣಂತನದ ಮೂರು ತಿಂಗಳೂ ನಮ್ಮ ಮನೆಯಿಂದ ಸಂಬಳ ಹೋಗುತ್ತೆ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ಕೊನೆಯ ಹದಿಮೂರು ದಿನ

ಜನವರಿ 9ರ ಚೆಕಪ್‌ನಲ್ಲಿ ಬಿಪಿ ಏರಿತ್ತು. ಪಾದ ಎರಡೂ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಡಾಕ್ಟರು "ಇನ್ನು ಓಡಾಟ ಸಾಕು" ಅಂದರು. ಶೀಟ್‌ನಲ್ಲಿ ಅವತ್ತಿಗೆ 67. ಇನ್ನೂ ಹದಿಮೂರು ಬೇಕು.

ಅವರಿಗೆ ಪೂರ್ತಿ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯಿಂದ ಕೆಲಸ ಮಾಡಿ. ದಿನಕ್ಕೆ ಎರಡು ಸಲ ಬಿಪಿ ನೋಡಿ ನನಗೆ ಕಳಿಸಿ. ನಾನು ಹೇಳಿದ ನಂಬರ್ ದಾಟಿದರೆ ಲ್ಯಾಪ್‌ಟಾಪ್ ಮುಚ್ಚಿ ಆಸ್ಪತ್ರೆಗೆ ಬರಬೇಕು, ಲೆಕ್ಕ ಆಮೇಲೆ" ಅಂದರು. ಮ್ಯಾನೇಜರ್ ಒಪ್ಪಿದರು. ಮನೆಯಿಂದ ಮಾಡಿದರೂ ಕೆಲಸ ಕೆಲಸವೇ.

ಬೆನ್ನಿಗೆ ಮೂರು ದಿಂಬು, ಪಕ್ಕದಲ್ಲಿ ಬಿಪಿ ಮಷಿನ್, ಮಡಿಲಲ್ಲಿ ಲ್ಯಾಪ್‌ಟಾಪ್. ಬೆಳಿಗ್ಗೆ ರೀಡಿಂಗ್ ನೋಡುವಾಗ ಎದೆ ಬಡಿದುಕೊಳ್ಳೋದು, ಅದಕ್ಕೇ ರೀಡಿಂಗ್ ಇನ್ನೂ ಜಾಸ್ತಿ ಬರೋದು. 68, 69, 70 ಅಂತ ಶೀಟ್‌ನಲ್ಲಿ ತುಂಬುವಾಗ ಮಗುವಿನ ವಾರ ಎಣಿಸಬೇಕಾದ ನಾನು ಹಾಜರಿ ಎಣಿಸ್ತಾ ಇದ್ದೀನಲ್ಲ ಅಂತ ಕಣ್ಣು ತುಂಬಿ ಬರೋದು. ಷರತ್ತು ಸರಳ, ನ್ಯಾಯವಾದದ್ದೇ ಇರಬಹುದು. ಆದರೆ ದೇಹ ಕ್ಯಾಲೆಂಡರ್ ನೋಡಿ ನಡೆಯಲ್ಲ. ನನ್ನ ಅದೃಷ್ಟಕ್ಕೆ ಬಿಪಿ ಡಾಕ್ಟರು ಹೇಳಿದ ಗೆರೆ ದಾಟಲಿಲ್ಲ. ದಾಟಿದ್ದರೆ 74ನೇ ದಿನಕ್ಕೆ ಆಸ್ಪತ್ರೆ ಸೇರಿದ ಹೆಂಗಸಾಗಿ ಎಚ್‌ಆರ್ ಮುಂದೆ ನಿಂತಿರುತ್ತಿದ್ದೆ.

ಫೆಬ್ರವರಿ 13ಕ್ಕೆ ಮಗಳು ಹುಟ್ಟಿದಳು. ಇಬ್ಬರೂ ಕ್ಷೇಮ.

ಐದು ದಿನದ ಅಪ್ಪ

ಗಂಡನ ಕಂಪನಿಯಲ್ಲಿ ಪಿತೃತ್ವ ರಜೆ ಐದು ದಿನ. ಮೂರನೇ ದಿನಕ್ಕೆ ಮಗುವಿಗೆ ಕಾಮಾಲೆ ಅಂತ ನೀಲಿ ದೀಪದ ಕೆಳಗೆ ಇಟ್ಟರು. ಆ ಐದು ದಿನದಲ್ಲಿ ಎರಡು ಆಸ್ಪತ್ರೆ ಕಾರಿಡಾರ್‌ನಲ್ಲೇ ಕಳೆದವು. ಫೆಬ್ರವರಿ 20ರ ಬೆಳಿಗ್ಗೆ ಕಾಲ್‌ಗೆ ಅವನು ವಾಪಸ್. ಹೊಲಿಗೆ ನೋವಿನಲ್ಲಿ ನಾನು, ರಾತ್ರಿಯಿಡೀ ಅಳುವ ಮಗು, ತಿಪಟೂರಿನಿಂದ ಬಂದ ಅಮ್ಮ. ಅಮ್ಮ ಇಲ್ಲದ ಮನೆಗಳಲ್ಲಿ ಹೇಗೆ ಮಾಡ್ತಾರೋ.

ಖಾಸಗಿ ಕೆಲಸದಲ್ಲಿರುವ ಅಪ್ಪಂದಿರಿಗೆ ರಜೆ ಕೊಡಲೇಬೇಕು ಅಂತ ದೇಶದಲ್ಲಿ ಯಾವ ಕಾನೂನೂ ಇಲ್ಲ. ಐದೋ ಹತ್ತೋ, ಕಂಪನಿ ಕೊಟ್ಟಷ್ಟು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ಮಗು ಹುಟ್ಟಿ ಆರು ತಿಂಗಳ ಒಳಗೆ ತಗೋಬಹುದು. ಅಪ್ಪನಾಗುವವರು ಇದನ್ನು ಓದುತ್ತಿದ್ದರೆ, ಈಗಿನಿಂದಲೇ ಅರ್ನ್ಡ್ ಲೀವ್ ಉಳಿಸಿಕೊಳ್ಳಿ. ಪಿತೃತ್ವ ರಜೆಯನ್ನು ಒಟ್ಟಿಗೇ ತಗೋಬೇಕಾ, ಬಿಡಿಬಿಡಿಯಾಗಿ ತಗೋಬಹುದಾ, ಎಷ್ಟು ತಿಂಗಳ ಒಳಗೆ ಅನ್ನೋದನ್ನು ಮೊದಲೇ ಕೇಳಿಡಿ.

ದುಡ್ಡಿನ ವಿಷಯ

ನನ್ನ ಸಿಟಿಸಿ 16 ಲಕ್ಷ. ಆರು ತಿಂಗಳಿಗೆ 8 ಲಕ್ಷ ಬರುತ್ತೆ ಅಂತ ಅಮ್ಮ ಲೆಕ್ಕ ಹಾಕಿದ್ದಳು. ಹಾಗೆ ಬರಲ್ಲ. ರಜೆಗೆ ಹೋಗುವ ಹಿಂದಿನ ಮೂರು ತಿಂಗಳ ಸರಾಸರಿ ವೇತನ ಇಲ್ಲಿ ಆಧಾರ. 1961ರ ಕಾಯ್ದೆಯ "ವೇತನ"ದಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಥರದವು ಸೇರುತ್ತಿದ್ದವು. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ಓವರ್‌ಟೈಮ್ ಸೇರುತ್ತಿರಲಿಲ್ಲ. ನನ್ನ ಸ್ಲಿಪ್‌ನಲ್ಲಿ ತಿಂಗಳಿಗೆ 1,10,000 ಇತ್ತು. ಆರು ತಿಂಗಳಿಗೆ 6,60,000, ತೆರಿಗೆ ಮುಂಚೆ. ಭಾನುವಾರಗಳಿಗೂ ದುಡ್ಡು ಕೊಡಬೇಕಾ ಅನ್ನೋ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಕೊಡಲೇಬೇಕು ಅಂತ 1977ರಲ್ಲೇ ತೀರ್ಮಾನ ಆಗಿದೆ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ವಾರ, 80 ದಿನ, ಎರಡೂ ಹಾಗೇ ಉಳಿದಿವೆ. ಬದಲಾಗಿರೋದು "ವೇತನ" ಪದದ ವ್ಯಾಖ್ಯೆ. ಈಗ ಮನೆ ಬಾಡಿಗೆ ಭತ್ಯೆಯಂಥ ಕೆಲವು ಹೊರಗೆ ಹೋಗುತ್ತವೆ. ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗ ಮತ್ತೆ ವೇತನಕ್ಕೆ ಸೇರುತ್ತದೆ. ಆದ್ದರಿಂದ "ಯಾವ ಯಾವ ಅಂಶ ಸೇರಿಸಿ ಎಷ್ಟು ಕೊಡ್ತೀರಿ, ವೇರಿಯಬಲ್ ಪೇ ಕಥೆ ಏನು" ಅಂತ ರಜೆಗೆ ಮುಂಚೆಯೇ ಬರಹದಲ್ಲಿ ಕೇಳಿ.

ಕೇಳದೇ ಸಿಗದ ಇನ್ನಷ್ಟು

ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆ ಇದೆ. ಹಳೆಯ ಟೀಮ್‌ನ ಗೆಳತಿಯೊಬ್ಬಳು ಮೂರು ದಿನ ಸಿಕ್ ಲೀವ್ ಹಾಕಿ ನಾಲ್ಕನೇ ದಿನ ಸ್ಟ್ಯಾಂಡಪ್ ಕಾಲ್‌ಗೆ ಬಂದಿದ್ದಳು. ಯಾರಿಗೂ ಹೇಳಿರಲಿಲ್ಲ. ಅವಳಿಗಾಗಿ ಈ ಸಾಲು ಬರೆಯುತ್ತಿದ್ದೇನೆ.

ಹೆರಿಗೆಯಿಂದಾದ ಕಾಯಿಲೆಗೆ ಡಾಕ್ಟರ ಪುರಾವೆ ಇದ್ದರೆ ಇನ್ನೂ ಒಂದು ತಿಂಗಳು ರಜೆ. ಕಂಪನಿ ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು. 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡಲು ಅವಕಾಶ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಕಾಂಟ್ರ್ಯಾಕ್ಟ್ ಮೇಲೆ ಇರುವವರಿಗೆ: ಅರ್ಹತೆ ಇದ್ದ ಮೇಲೆ ನಡುವೆ ಕಾಂಟ್ರ್ಯಾಕ್ಟ್ ಅವಧಿ ಮುಗಿದರೂ ಸೌಲಭ್ಯ ನಿಲ್ಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ, ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಕಂಪನಿ ಒಪ್ಪದೇ ಇದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಕೆಲಸ ಬದಲಾಯಿಸುವ ಯೋಚನೆಯೂ ಮಗುವಿನ ಯೋಚನೆಯೂ ಒಟ್ಟಿಗೆ ಇದ್ದರೆ, ಸಂಬಳದ ಜೊತೆ ಸೇರುವ ತಾರೀಖನ್ನೂ ಚೌಕಾಸಿ ಮಾಡಿ. ಎರಡು ವಾರ ಮುಂಚೆ ಸೇರೋದು ಕೆಲವೊಮ್ಮೆ ಶೇಕಡ 5ರ ಹೈಕ್‌ಗಿಂತ ದೊಡ್ಡದು. ಆಫೀಸಿನಲ್ಲಿ ಕೇಳೋಕೆ ಸಂಕೋಚ ಅನಿಸಿದರೆ ಮೇಲ್ ಬರೆಯಿರಿ. ಮೇಲ್‌ಗೆ ಮುಖ ಕೆಂಪಾಗಲ್ಲ.

ನನ್ನ ಟೀಮ್‌ಗೆ ಹೋದ ತಿಂಗಳು ಹೊಸ ಹುಡುಗಿಯೊಬ್ಬಳು ಸೇರಿದಳು. ಮೂರು ತಿಂಗಳ ಬಸುರಿ ಅಂತ ಊಟದ ಹೊತ್ತಿನಲ್ಲಿ ಮೆತ್ತಗೆ ಹೇಳಿದಳು, ತಪ್ಪು ಮಾಡಿದವಳ ಹಾಗೆ. ಖಾಲಿ ಶೀಟ್ ಒಂದನ್ನು ಅವಳಿಗೆ ಕಳಿಸಿದೆ. ಮೊದಲ ಕಾಲಂನಲ್ಲಿ ಸೇರಿದ ದಿನ, ಎರಡನೆಯದರಲ್ಲಿ ಡ್ಯೂ ಡೇಟ್. ಅವಳಿಗೆ ಎಂಬತ್ತು ದಾಟಿ ಇನ್ನೂ ಎಷ್ಟೋ ದಿನ ಮಿಗುತ್ತೆ. ಅದನ್ನು ನೋಡಿ ಅವಳು ಅರ್ಧಕ್ಕೆ ಬಿಟ್ಟಿದ್ದ ಚಪಾತಿ ಮತ್ತೆ ಕೈಗೆತ್ತಿಕೊಂಡಳು.